ಕಾಕು ಹಿಡಿದ ವಾರಗಳು

ಮೇ ತಿಂಗಳ ಬಿಸಿಲಿಗೆ ಚಿಕ್ಕೋಡಿಯ ಡಾಂಬರು ಮೆತ್ತಗಾಗುತ್ತಿದ್ದರೂ ಕಾಕು ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡಿರುತ್ತಿದ್ದಳು. ಕೈಯಿಂದ ಉದುರಬಾರದೆಂದು ಬಳೆಗಳಿಗೆ ದಾರ ಕಟ್ಟಿರುತ್ತಿದ್ದಳು. ಪ್ರೀತಿಯಿಂದ ಗಲ್ಲ ಹಿಡಿದರೆ ಆ ಬೆರಳುಗಳು ತಣ್ಣಗೆ ಕೊರೆಯುತ್ತಿದ್ದವು. ನಮಗೆ ರಕ್ತಸಂಬಂಧವೇನಲ್ಲ, ಪಕ್ಕದ ಮನೆಯವಳು. ಓಣಿಗೆಲ್ಲ ಕಾಕು, ಎಂದರೆ ಚಿಕ್ಕಮ್ಮ.

ಸೋಮವಾರ, ಗುರುವಾರ, ಶನಿವಾರ, ಏಕಾದಶಿ, ಸಂಕಷ್ಟಿ. ಅವಳು ಉಪವಾಸವಿಲ್ಲದ ದಿನವನ್ನು ಹುಡುಕಬೇಕಿತ್ತು. ಸಾಲದ್ದಕ್ಕೆ ಬೇರೆಯವರ ವಾರವನ್ನೂ ತಾನೇ ಹಿಡಿಯುವಳು. ಸಕ್ಕರೆ ಕಾಯಿಲೆಯವರು, ಬಾಣಂತಿಯರು ತೆಂಗಿನಕಾಯಿ ತಂದುಕೊಟ್ಟು, ನಮ್ಮ ಪಾಲಿನದನ್ನೂ ನೀವೇ ಮಾಡಿರೆಂದು ಕಾಲಿಗೆ ಬಿದ್ದು ಹೋಗುವರು. ನಮ್ಮ ಕಡೆ ಉಪವಾಸದವರಿಗೆ ಉಣ್ಣೆಂದು ಒತ್ತಾಯ ಮಾಡುವಂತಿಲ್ಲ, ಪಾಪ ಸುತ್ತಿಕೊಳ್ಳುತ್ತದೆ. ಹೀಗಾಗಿ ಅವಳು ಕರಗುತ್ತಿದ್ದದ್ದು ಎಲ್ಲರ ಕಣ್ಣೆದುರೇ. ಯಾರಾದರೂ ಏನಾದರೂ ಅಂದರೇ? ಕೈ ಮುಗಿದರು, ಅಷ್ಟೇ.

ಅಡುಗೆಯಲ್ಲಿ ಮಾತ್ರ ಎತ್ತಿದ ಕೈ. ಅವಳ ಕಡಲೆಹಿಟ್ಟಿನ ಝುಣಕದ ವಾಸನೆಗೆ ನಾವು ಮಕ್ಕಳೆಲ್ಲ ತಟ್ಟೆ ಹಿಡಿದು ಓಡುತ್ತಿದ್ದೆವು. ತಾನು ರುಚಿ ನೋಡುತ್ತಿರಲಿಲ್ಲ. ಉಪ್ಪು ಸರಿಯಿದೆಯೇ ಎಂದು ಕೇಳುತ್ತ ನಮ್ಮ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದಳು.

ಅಥಣಿಯಿಂದ ಅವಳ ಅಪ್ಪ ತೀರಿಹೋದ ಸುದ್ದಿ ಬಂದ ದಿನ ನಾನು ಅಲ್ಲೇ ಇದ್ದೆ. ಕಾಕು ಅಳಲಿಲ್ಲ. ಹೊಟ್ಟೆ ಹಿಡಿದುಕೊಂಡು, ಗ್ಯಾಸ್ ಆಗಿರಬೇಕೆಂದು ಅಜವಾನ ಜಗಿದಳು. ಎಂಥ ಕಲ್ಲು ಮನಸ್ಸಪ್ಪಾ ಎಂದುಕೊಂಡೆ. ಅವಳಿಗೆ ಅದು ದುಃಖವೆಂದು ನಿಜವಾಗಿಯೂ ತಿಳಿದಿರಲಿಲ್ಲವೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಪಿಯುಸಿಯಲ್ಲಿ ಫೇಲಾದಾಗ ನಾನೂ ಅವಳ ಜೊತೆ ವಾರ ಹಿಡಿದೆ. ಮೊದಮೊದಲು ತಲೆ ಸುತ್ತುತ್ತಿತ್ತು. ಆಮೇಲೆ ಒಳಗೆಲ್ಲ ನಿಶ್ಶಬ್ದ. ನಾಚಿಕೆ, ಭಯ, ಹಸಿವು, ಯಾವುದೂ ಇಲ್ಲ. ಆ ನಿಶ್ಶಬ್ದ ಎಷ್ಟು ಹಿತವೆಂದರೆ ಇನ್ನೂ ಬೇಕೆನಿಸುತ್ತಿತ್ತು. ಮಗಳ ಮನಸ್ಸು ದೇವರ ಕಡೆ ಹೊರಳಿತೆಂದು ಅವ್ವನಿಗೆ ಹಿಗ್ಗೋ ಹಿಗ್ಗು.

ಒಂದು ಸಂಕಷ್ಟಿಯ ಸಂಜೆ ಕಾಕುವಿನ ಕಟ್ಟೆಯ ಮೇಲೆ ಕಣ್ಣು ಕತ್ತಲಿಟ್ಟು ಬಿದ್ದೆ. ಮೊಣಕಾಲು ತರಚಿ ರಕ್ತ ಬಂತು. ನೋವಾಯಿತೇ ಎಂದಳು. ಏನೂ ಅನ್ನಿಸುತ್ತಿಲ್ಲ ಎಂದೆ, ಹೆಮ್ಮೆಯಿಂದಲೇ. ಅವಳ ಮುಖ ಬಿಳಿಚಿಕೊಂಡಿತು. ಒಳಗೆ ಹೋಗಿ ತಟ್ಟೆಯಲ್ಲಿ ರೊಟ್ಟಿ, ಪಲ್ಯ ತಂದಳು. ಚಂದ್ರ ಇನ್ನೂ ಮೂಡಿರಲಿಲ್ಲ.

"ನನಗ ಹಸಿವ್ಯಾವುದು, ಸಿಟ್ಟ್ಯಾವುದು, ಅಳು ಯಾವುದು, ಒಂದೂ ತಿಳಿಯಂಗಿಲ್ಲ ಮಗಳ. ಎಲ್ಲಾ ಹೊಟ್ಟ್ಯಾಗ ಒಂದ ಗಂಟ ಆಗಿ ಕುಂತಾವು. ಉಣ್ಣದಿದ್ರ ಸುಮ್ಮನಿರತಾವು. ಇದು ದೇವರ ಉಪವಾಸ ಅಲ್ಲ, ದೇವರ ಹೆಸರ ಹೇಳಾಕತ್ತೀನಿ ಅಷ್ಟ. ನೀ ನನ್ಹಂಗ ಆಗಬ್ಯಾಡ."

ನಾನು ಮುಖ ತಿರುಗಿಸಿದೆ. ಆಗ ಅವಳೇ ಒಂದು ತುತ್ತು ಮುರಿದು ತನ್ನ ಬಾಯಿಗಿಟ್ಟುಕೊಂಡಳು. ನುಂಗಲು ಅವಳು ಪಟ್ಟ ಪಾಡನ್ನು ನೋಡಲಾಗದೆ ನಾನೂ ಒಂದು ತುತ್ತು ತಿಂದೆ. ಅವಳು ಇನ್ನೊಂದು ತಿಂದಳು. ನಾನೂ.

ನೀರಿಗೆ ಹೊರಟಿದ್ದ ಹೆಂಗಸರು ನೋಡಿದರು. ಚಂದ್ರನನ್ನು ನೋಡದೆ ಸಂಕಷ್ಟಿ ಮುರಿದವಳೆಂದು ಓಣಿಯೆಲ್ಲ ಡಂಗುರವಾಯಿತು. ತೆಂಗಿನಕಾಯಿ ತರುವುದು ನಿಂತಿತು. ಅವ್ವ ಕೂಡ ಅವಳೊಡನೆ ಮಾತು ಬಿಟ್ಟಳು. ಕಾಕು ಮಾತ್ರ ದಿನಾ ಸಂಜೆ ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡು ಉಣಿಸುತ್ತಿದ್ದಳು. ನಾನು ಚೇತರಿಸಿಕೊಂಡೆ. ಅವಳು ನನ್ನೆದುರು ತಿಂದದ್ದು ಬಿಟ್ಟರೆ ಬೇರೇನೂ ತಿನ್ನುತ್ತಿರಲಿಲ್ಲವೆಂದು ನನಗೆ ಗೊತ್ತಿರಲಿಲ್ಲ.

ನಾನು ಮದುವೆಯಾಗಿ ರಾಯಬಾಗಕ್ಕೆ ಬಂದೆ. ಮಿರಜಿನ ಡಾಕ್ಟರು ಕಾಕುವಿನ ಗುಂಡಿಗೆ ಸೋತಿದೆ, ಮನಸ್ಸಿನ ಡಾಕ್ಟರಿಗೂ ತೋರಿಸಿ ಎಂದರಂತೆ. ನನ್ನ ಹೆಂಡತಿಗೇನು ಹುಚ್ಚೇ ಎಂದು ಅವಳ ಗಂಡ ಕಾಕಾ ಎದ್ದು ಬಂದನಂತೆ. ಯಾರ ಮೇಲೆ ಸಿಟ್ಟು ಮಾಡಲಿ? ಸಿಟ್ಟು ಮಾಡಿ ಮಾಡಿ ನನಗೂ ಸಾಕಾಗಿದೆ.

ಹೋದ ವರ್ಷ ಕಾಕು ಹೋದಳು. ಏಕಾದಶಿಯ ದಿನ. ಬಾಗಿಲಲ್ಲಿ ಹೆಂಗಸರು ಎಂಥ ಪುಣ್ಯವಂತೆ, ಉಪವಾಸದಲ್ಲೇ ಹೋದಳೆಂದು ಮತ್ತೆ ಕಾಲು ಮುಟ್ಟುತ್ತಿದ್ದರು.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಎದೆಯ ಕೆಳಗೆ ಏನೋ ಹಿಂಡುತ್ತಿತ್ತು. ಇಂದು ಊಟ ಬೇಡ, ಮಲಗುತ್ತೇನೆ ಎಂದು ಗಂಡನಿಗೆ ಹೇಳಿದವಳು ಅಲ್ಲೇ ನಿಂತೆ. ಹಿಂಡುತ್ತಿದ್ದದ್ದು ದುಃಖ. ಅದರ ಕೆಳಗೆ ಹಸಿವೂ ಇತ್ತು. ಎರಡೂ ಬೇರೆ ಬೇರೆಯಾಗಿಯೇ ಗೊತ್ತಾದವು. ತಟ್ಟೆ ಹಾಕಿಕೊಂಡು ಕೂತೆ, ಅಳುತ್ತಲೇ ಉಂಡೆ.