ಸೀಟಿ ಅಜ್ಜಿ ಸೀಟಿ ಊದದ ದಿನ

ವರ್ಷಾನುಗಟ್ಟಲೆ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿದ ಆ ಕಂಡಕ್ಟರಮ್ಮನಿಗೆ ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತರೆ ಕಾಲು ಜೋಮು ಹಿಡಿಯುತ್ತಿತ್ತು. ಶಾಲೆಗೆ ರಜೆ ಬಂದದ್ದೇ ತಡ, ಓಣಿಯ ಮಕ್ಕಳನ್ನು ಕಟ್ಟಿಕೊಂಡು ಮನೆ ಹಿಂದಿನ ಶೆಡ್ಡಿನಲ್ಲಿ ಆಟದ ಬಸ್ಸು ಮಾಡಲು ಹೊರಟಳು. ಹಲಗೆ, ರಟ್ಟು, ಕೂಸಿನ ತಳ್ಳುಗಾಡಿಯ ಚಕ್ರ. ಒಬ್ಬರು ಮೊಳೆ ಹಿಡಿದರೆ ಇನ್ನೊಬ್ಬರು ಹೊಡೆಯಬೇಕು; ಏಟು ಬಿದ್ದ ಬೆರಳಿಗೆ ಎಲ್ಲರೂ ಉಫ್ ಎನ್ನಬೇಕು. ಗಲಾಟೆ ಮಿತಿಮೀರಿದರೆ ಕೊರಳಲ್ಲಿದ್ದ ಹಳೆಯ ಸೀಟಿ ಊದುವಳು. ಸೀಟಿ ಕೇಳಿದರೆ ಕೈಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಿ ಬರಬೇಕು, ಅದು ಕಾನೂನು. ಹಾಗಾಗಿ ಎಲ್ಲರಿಗೂ ಆಕೆ ಸೀಟಿ ಅಜ್ಜಿ.

ಬಸ್ಸಿಗೆ ಕೆಂಪು ಬಣ್ಣ ಬಳಿದ ದಿನ, ಮಕ್ಕಳ ಕೈ ತೊಳೆಸಲು ಸೀಮೆಎಣ್ಣೆ ತರಲೆಂದು ಒಳಗೆ ಹೋಗಿಬಂದಳು. ಶೆಡ್ಡು ಖಾಲಿ! ಬಸ್ಸೂ ಇಲ್ಲ. ಚಕ್ರದ ಕೆಂಪು ಗೆರೆಗಳು ಇಳಿಜಾರಿನ ಕಡೆಗೆ ಹೋಗಿದ್ದವು. ಅದರ ಬುಡದಲ್ಲೇ ಲಾರಿಗಳ ರಸ್ತೆ.

ಇಳಿಜಾರಿನ ನೆತ್ತಿಯಲ್ಲಿ ಬಸ್ಸು ಮೂತಿ ಕೆಳಗೆ ಮಾಡಿ ನಿಂತಿತ್ತು. ಒಳಗೆ ಆಕೆಯ ಪುಟ್ಟ ಮೊಮ್ಮಗಳು. ಹಿಂದೆ ಓಣಿಯ ದರ್ಜಿಯ ಮಗಳೂ ಅವಳ ಗೆಳತಿಯೂ ಬಸ್ಸಿಗೆ ಕಟ್ಟಿದ ಹಗ್ಗ ಜಗ್ಗಿ ಹಿಡಿದಿದ್ದರು. ಉಳಿದವರು ಸುತ್ತ ನಿಂತು ನೋಡುತ್ತಿದ್ದರು.

"ಬಿಡ್ಲಾ?"

"ತಡಿಯೇ, ಆ ಲಾರಿ ಹೋಗ್ಲಿ."

ಸೀಟಿ ತುಟಿಗೆ ಹೋಯಿತು. ಅಲ್ಲೇ ಅಜ್ಜಿ ತಡೆದಳು. ಊದಿದರೆ ಹಗ್ಗ ಬಿಟ್ಟು ಓಡಿಬರುತ್ತಾರೆ! ಕೂಗಿದರೂ ಬೆಚ್ಚಿಬಿದ್ದು ಬಿಟ್ಟಾರು. ಚಪ್ಪಲಿ ಕಳಚಿ, ಬೆಕ್ಕಿನ ಹೆಜ್ಜೆ ಇಟ್ಟು ಹತ್ತಿರ ಹೋದಳು.

ದರ್ಜಿಯ ಮಗಳು ಓರೆಗಣ್ಣಲ್ಲಿ ಆಕೆಯನ್ನು ಕಂಡಳು. "ಅಜ್ಜೀ... ಕೈ ಜಾರ್ತಿದೆ, ಬಣ್ಣ..."

"ಗೊತ್ತಮ್ಮ. ಹಾಗೇ ಹಿಡ್ಕೊಂಡಿರು. ನಾನೂ ಒಂದು ಕೈ ಹಾಕ್ತೀನಿ."

ಆಕೆ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ನೆಲಕ್ಕೆ ಕುಕ್ಕರಿಸುವುದಕ್ಕೂ ಹುಡುಗಿಯರ ಕೈ ಜಾರುವುದಕ್ಕೂ ಸರಿಹೋಯಿತು. ಬಸ್ಸು ಗಕ್ಕನೆ ಎಳೆಯಿತು. ಚರ್ಮ ಸುಲಿದು ರಕ್ತ ಜಿನುಗಿತು. ಹಲ್ಲು ಕಚ್ಚಿ ಹಿಡಿದಳು. ಕೆಳಗೆ ಲಾರಿಯೊಂದು ಹಾರನ್ ಮಾಡುತ್ತ ಹಾದುಹೋಯಿತು.

"ಅಜ್ಜೀ, ಬಸ್ ಯಾಕೆ ನಿಲ್ತು?"

"ಸ್ಟಾಪ್ ಬಂತು ಪುಟ್ಟಿ. ಇಳಿ."

ಮಗು ಇಳಿದು ದೂರ ಸರಿದ ಮೇಲೂ ಆಕೆಗೆ ಏಳಲಾಗಲಿಲ್ಲ.

"ನಾನೇ ಕೂರ್ಸಿದ್ದು. ನನ್ನ ಬೈಯ್ರಿ ಅಜ್ಜಿ," ದರ್ಜಿಯ ಮಗಳು ಬಿಕ್ಕಿದಳು.

"ಬೈತೀನಿ. ಮೊದ್ಲು ನನ್ನ ಎಬ್ಬಿಸ್ರೇ."

ಸಂಜೆ ಮುಂಗೈಗೆ ಪಟ್ಟಿ ಕಟ್ಟುತ್ತ ಮಗ ಗುಡುಗಿದ: "ಸಾಕಮ್ಮ ಈ ಉಸಾಬರಿ!" ಆಕೆ ಎದ್ದು ಹೋಗಿ ಶೆಡ್ಡಿಗೆ ಬೀಗ ಹಾಕಿ ಬಂದಳು. ಬಸ್ಸಿನಲ್ಲಿದ್ದದ್ದು ಅವನ ಮಗಳಲ್ಲವೇ? ಆದರೆ ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ಮಕ್ಕಳೆಲ್ಲ ತಲೆ ತಗ್ಗಿಸಿ ಕೂತಿದ್ದರು. ಆಕೆ ಬೀಗ ತೆಗೆದಳು.

"ಚಕ್ರ ಬಿಚ್ಚಿ. ಬ್ರೇಕ್ ಹಾಕೋವರ್ಗೂ ಯಾರೂ ಹತ್ತೋ ಹಾಗಿಲ್ಲ."