ಹೊಸ್ತಿಲಾಚೆಯವರ ಪಾಸ್ಟರ್

ಮೇ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಪಾಸ್ಟರ್ ಗುನ್ವೋರ್ ಸೆಲ್‌ಸ್ಟೆಡ್ ಅವರು ಲಾಕ್ಸ್‌ವಿಕ್ ಪ್ರಾರ್ಥನಾಲಯದಲ್ಲಿ ಕೊನೆಯ ಆರಾಧನೆ ಮುಗಿಸಿ ನಿವೃತ್ತರಾದರು. ಉತ್ತರ ಸ್ವೀಡನ್ನಿನ ಸ್ವತಂತ್ರ ಸಭೆಗಳಲ್ಲಿ ಅವರಷ್ಟು ದೀರ್ಘಕಾಲ ಒಂದೇ ಊರಿನಲ್ಲಿ ಸೇವೆ ಸಲ್ಲಿಸಿದವರು ವಿರಳ. ಊರಿನ ಪತ್ರಿಕೆಯ ವರದಿಗಾರನಾದ ನಾನು ದೇವರನ್ನು ನಂಬುವವನಲ್ಲ. ಅದು ತಿಳಿದೇ ಗುನ್ವೋರ್ ಅವರು ಈ ಲೇಖನವನ್ನು ನನ್ನಿಂದ ಬರೆಸಲು ಸಂಪಾದಕರಿಗೆ ಸೂಚಿಸಿದರಂತೆ.

ಭಾನುವಾರವೆಂದರೆ ದೋಣಿ, ಇಲ್ಲವೇ ನಿದ್ದೆ ಎನ್ನುವ ಊರು ನಮ್ಮದು. ಹಿಂದೆ ಮನೆಮನೆಗಳಲ್ಲಿ ಕೂಡಿ ಬೈಬಲ್ ಓದುತ್ತಿದ್ದವರನ್ನು ಜನ 'ಓದುಗರು' ಎಂದು ಹಂಗಿಸುತ್ತಿದ್ದರು. ಆ ಹೆಸರು ಇಂದಿಗೂ ಈ ಸಭೆಗೆ ಅಂಟಿಕೊಂಡಿದೆ.

ಗುನ್ವೋರ್ ಅವರು ಬಂದ ಮರುವರ್ಷ ಇಲ್ವಾ ಎಂಬ ಯುವತಿ ದೀಕ್ಷಾಸ್ನಾನ ಬಯಸಿದರು. ಆಕೆಯ ತಂದೆ ಎವರ್ಟ್ ರೋನ್‌ಲುಂಡ್ ಸಾಮಿಲ್ ಕಾರ್ಮಿಕ ಸಂಘದ ಮುಖಂಡರು. ಹಳೆಯ ಮುಷ್ಕರದಲ್ಲಿ ಸಭೆಯ ಹಿರಿಯರು ಮಾಲೀಕನ ಪಕ್ಷ ವಹಿಸಿದ್ದನ್ನು ಆ ಮನೆ ಮರೆತಿರಲಿಲ್ಲ. ಸುದ್ದಿ ಕೇಳಿದ ಎವರ್ಟ್ ಮಗಳೊಡನೆ ಮಾತು ಬಿಟ್ಟರು. ತಾಯಿಯಿಲ್ಲದ ಇಲ್ವಾ ತಂದೆಯನ್ನೂ ಕಳೆದುಕೊಳ್ಳುವ ಸ್ಥಿತಿ. ಗುನ್ವೋರ್ ನೇರವಾಗಿ ಅವರ ಮನೆಗೆ ಹೋದರು. ಅಲ್ಲಿ ನಡೆದ ಮಾತನ್ನು ಇಬ್ಬರಿಂದಲೂ ಕೇಳಿ ಖಚಿತಪಡಿಸಿಕೊಂಡಿದ್ದೇನೆ.

"ಏನ್ ಪಾಸ್ಟ್ರಮ್ಮ, ಮಗಳನ್ನ ಬುಟ್ಟಿಗೆ ಹಾಕ್ಕೊಂಡಾಯ್ತು, ಈಗ ಅಪ್ಪನ ಸರದಿನಾ?" ಎಂದರು ಎವರ್ಟ್.

"ನೀನು ಹಿಡಿಸೋವಷ್ಟು ದೊಡ್ಡ ಬುಟ್ಟಿ ನಮ್ಮಲ್ಲಿಲ್ಲ, ಎವರ್ಟಣ್ಣ. ಮೊದ್ಲು ಕಾಫಿ ಕೊಡು."

"ಓದುಗರ ಹೊಸ್ತಿಲು ತುಳಿಯಲ್ಲ ಅಂತ ನಮ್ಮಪ್ಪಂಗೆ ಮಾತು ಕೊಟ್ಟಿದೀನಿ."

"ಕೊಟ್ಟ ಮಾತು ಮುರೀಬೇಡ. ಆದ್ರೆ ಹೊಳೆದಂಡೆ ಯಾರಪ್ಪನ ಆಸ್ತಿನೂ ಅಲ್ವಲ್ಲ."

ಪ್ರಾರ್ಥನಾಲಯದಲ್ಲಿ ಬೆಚ್ಚಗಿನ ತೊಟ್ಟಿಯಿರುವಾಗ ದೀಕ್ಷಾಸ್ನಾನಕ್ಕೆ ಹಿಮ ಕರಗಿದ ಹೊಳೆಯೇಕೆ ಎಂದು ಹಿರಿಯರು ಗೊಣಗಿದರು. ಗುನ್ವೋರ್ ಬಗ್ಗಲಿಲ್ಲ. ಎದೆಮಟ್ಟದ ನೀರಿಗಿಳಿದು ಇಲ್ವಾರನ್ನು ಮುಳುಗಿಸಿ ಎತ್ತಿದರು. ಮರಗಳ ಬಳಿ ದೂರ ನಿಂತಿದ್ದ ಎವರ್ಟ್ ಕೆಳಗಿಳಿದು ಬಂದು ನಡುಗುತ್ತಿದ್ದ ಮಗಳಿಗೆ ತಮ್ಮ ಕೋಟು ಹೊದಿಸಿದರು. ಬಳಿಕ ಎವರ್ಟ್, ಒದ್ದೆಯಾಗಿ ನಿಂತಿದ್ದ ಗುನ್ವೋರ್ ಅವರತ್ತ ಕೈ ತೋರಿ ಹಿರಿಯರನ್ನು ಗದರಿದರು: "ನೋಡ್ತಾ ನಿಂತಿದೀರಲ್ರೋ, ಅವಳಿಗೂ ಏನಾದ್ರೂ ಹೊದಿಸ್ರೋ!"

ಅಂದಿನಿಂದ ಎವರ್ಟ್ ಪ್ರತಿ ಭಾನುವಾರ ಮಗಳನ್ನು ಕಾರಿನಲ್ಲಿ ಕರೆತಂದು, ಆರಾಧನೆ ಮುಗಿಯುವವರೆಗೆ ಹೊರಗೆ ಪತ್ರಿಕೆ ಓದುತ್ತ ಕೂರುತ್ತಾರೆ. ಸಾಮಿಲ್ಲಿನ ಗೆಳೆಯರು "ಏನಪ್ಪಾ ಓದುಗ!" ಎಂದು ಕಿಚಾಯಿಸಿದರೂ ಬಿಟ್ಟಿಲ್ಲ. ಆರಾಧನೆಯ ನಂತರದ ಕಾಫಿಯನ್ನು ಗುನ್ವೋರ್ ಅವರೇ ಕಾರಿಗೆ ಒಯ್ದು ಕೊಡುತ್ತಿದ್ದರು. ಒಳಗೆ ಬಾ ಎಂದು ಒಮ್ಮೆಯೂ ಕರೆಯಲಿಲ್ಲ. ನಾನು ಕಂಡ ಅವರ ಧರ್ಮ ಅದು.

ಈಗ ಅವರು ದಕ್ಷಿಣದಲ್ಲಿರುವ ತಂಗಿಯ ಮನೆಗೆ ಹೋಗಿದ್ದಾರೆ. ಅವರಿಗೆ ದೀರ್ಘಾಯುಷ್ಯ ದೊರೆಯಲಿ, ಅಲ್ಲಿಯೂ ಯಾರದಾದರೂ ಕಾರಿಗೆ ಕಾಫಿ ಒಯ್ಯುವ ಕೆಲಸ ಅವರಿಗೆ ಸಿಗಲಿ.

ಅವರು ಹೊರಟ ನಂತರದ ಮೊದಲ ಭಾನುವಾರ ಕಾರಿಗೆ ಕಾಫಿ ಬರಲಿಲ್ಲ. ಎವರ್ಟ್ ಇಳಿದು ಬಾಗಿಲವರೆಗೆ ನಡೆದು ಬಂದರು. ಇಲ್ವಾ ಒಳಗಿನಿಂದ ಕಾಫಿ ಕಪ್ಪು ನೀಡಿದರು. ಎವರ್ಟ್ ಹೊಸ್ತಿಲಾಚೆ, ಹೊರಗೇ ನಿಂತು ಕುಡಿದು, ಖಾಲಿ ಕಪ್ಪನ್ನು ಮರಳಿ ಕೊಟ್ಟರು.