ಇವಾಲುವಿನ ಕಲ್ಲುಗುಪ್ಪೆ

ಮನುಷ್ಯರಿಲ್ಲದ ಗ್ರಹಕ್ಕೆ ಕಳಿಸುವ ಗಾಡಿಯನ್ನು ಮೊದಲು ಉತ್ತರದ ಹಿಮಕಡಲಿನ ನಮ್ಮ ದಂಡೆಯಲ್ಲಿ ಓಡಿಸಿ ನೋಡುತ್ತಾರೆ. ಇಲ್ಲಿಯೂ ಮನುಷ್ಯರಿಲ್ಲ ಎಂಬುದು ಅವರ ಲೆಕ್ಕ. ಆದರೂ ಬಿಳಿ ಕರಡಿ ಬಾರದಂತೆ ಕಾಯಲು ಯಾರಾದರೂ ಬೇಕಲ್ಲ? ನಮ್ಮೂರ ಇವಾಲುವನ್ನು ಗೊತ್ತುಮಾಡಿದರು. ಹಿಂದೆ ಎಣ್ಣೆ ಹುಡುಕುವ ಹಡಗಿಗೆ ನಾವೆಲ್ಲ ದೋಣಿ ಅಡ್ಡ ಹಾಕಿದಾಗ ಎಲ್ಲರಿಗಿಂತ ಜೋರಾಗಿ ಬೈದವಳು ಅವಳೇ. ಬಾಯಿ, ಬಂದೂಕು ಎರಡೂ ಗುರಿ ತಪ್ಪುವುದಿಲ್ಲ.

ಗಾಡಿ ಬಿಸಿಲು ಕುಡಿದು, ತನ್ನ ದಾರಿ ತಾನೇ ನೋಡಿಕೊಂಡು ನಡೆಯುತ್ತದಂತೆ. ಅದರ ಹಿಂದೆ ಏಳು ಮಂದಿ ಪಂಡಿತರು. ಕೆಸರಲ್ಲಿ ಹೂತರೆ ಏಳೂ ಜನ ನೂಕಬೇಕು. ಮೋಡ ಕವಿದರೆ ಅದು ಸರ್ಕಾರಿ ಕಚೇರಿಯಂತೆ ಮಲಗಿಬಿಡುತ್ತಿತ್ತು.

ಒಂದು ಮಂಜಿನ ದಿನ, ಗಾಡಿ ಹೇಗೂ ಏಳುವುದಿಲ್ಲವೆಂದು ಇವಾಲು ಕಾವಲು ಬಿಟ್ಟು ನಾದಿನಿ ಅಟುವಾತ್‌ಳ ಮನೆಗೆ ಇಸ್ಪೀಟಿಗೆ ಹೋದಳು. ಮರಳಿದಾಗ ಬಿಸಿಲು ಬಿದ್ದಿತ್ತು. ಗಾಡಿ ಪಂಡಿತರು ಸಾಲಾಗಿ ಇಟ್ಟ ಕಲ್ಲುಗಳ ನಡುವೆ ದಾರಿ ಹುಡುಕುವುದನ್ನು ಕಲಿಯುತ್ತಿತ್ತು. ಕಲ್ಲುಗಳು ಇವಾಲುವಿನ ಗುಪ್ಪೆಯವು! ಆ ಗುಪ್ಪೆಯಡಿಯ ಗುಂಡಿಯಲ್ಲಿ ವಾಲ್ರಸ್ ಎಂಬ ಕಡಲಪ್ರಾಣಿಯ ಮಾಂಸ, ಅದರದೇ ಚರ್ಮದಲ್ಲಿ ಹೊಲಿದ ಮೂಟೆಗಳಲ್ಲಿ, ಚಳಿಗಾಲಕ್ಕೆಂದು ಹುಳಿಯೇರುತ್ತಿತ್ತು. ಅದು ಹೋದರೆ ಊರಿಗೆ ಹಂಚಲು ಅವಳ ಬಳಿ ಏನೂ ಇಲ್ಲ. ಅಟುವಾತ್‌ಳ ಆಡಿಕೊಳ್ಳುವ ನಾಲಗೆಗಂತೂ ಹಬ್ಬ.

"ಯಾರ್ರೋ ನನ್ನ ಕಲ್ಲು ಮುಟ್ಟಿದ್ದು?"

"ಒಂದೇ ಕಡೆ ರಾಶಿ ಸಿಕ್ತು, ನಮ್ಮ ಪುಣ್ಯ," ಎಂದ ಮುಖ್ಯಸ್ಥ ಗ್ರೇಡನ್. "ರಾಜಧಾನಿಯಿಂದ ಅನುಮತಿ ಇದೆ."

"ರಾಶಿ ಏನು ತಾನೇ ನಡ್ಕೊಂಡು ಬಂದು ಕೂತಿತ್ತಾ, ನಿನ್ನ ಗಾಡಿ ಥರ?"

ಅಷ್ಟರಲ್ಲಿ ವಾಸನೆ ಹಿಡಿದು ಕರಡಿ ಬಂತು. ಪಂಡಿತರು ಗುಡಾರಕ್ಕೆ ಓಡಿದರು. ಗಾಡಿ ಮಾತ್ರ ಕರಡಿಯನ್ನೂ ಕಲ್ಲೆಂದು ತಿಳಿದು ಮರ್ಯಾದೆಯಿಂದ ನಿಂತಿತು.

"ಗಾಡಿ ಉಳಿಸಮ್ಮಾ!" ಗುಡಾರದೊಳಗಿಂದ ಗ್ರೇಡನ್ ಕೂಗಿದ.

"ಮಾಂಸ ಮೊದ್ಲು!"

ಇವಾಲು ಬೆದರಿಸಲೆಂದು ಕರಡಿಯ ನೆತ್ತಿಯ ಮೇಲಿಂದ ಹಾಯುವಂತೆ ಗುಂಡು ಹಾರಿಸಿದಳು. ಅದು ಒಂದು ಮೂಟೆ ಕಚ್ಚಿಕೊಂಡು, ಗಾಡಿಯ ಬಿಸಿಲು ಕುಡಿಯುವ ಹಲಗೆಯನ್ನು ತುಳಿದು, ಗುಡ್ಡದಾಚೆ ಓಡಿತು.

"ಗುಂಡಿ ತೆರೆದಿದ್ರೆ ಮತ್ತೆ ಬರುತ್ತೆ. ಬನ್ರೋ ಹೊರಗೆ! ಒಂದೊಂದು ಕಲ್ಲೂ ವಾಪಸ್ ಬರ್ಬೇಕು."

ಬಂದೂಕಿನ ಕಾವಲಿನಲ್ಲಿ ಏಳು ಪಂಡಿತರು ಕಲ್ಲು ಹೊತ್ತರು. ಕಾವಲು ಕರಡಿಗೋ ಅವರಿಗೋ, ಯಾರೂ ಕೇಳಲಿಲ್ಲ. ಆಮೇಲೆ ವರದಿಯಲ್ಲಿ 'ನಿರ್ಜನ ದಂಡೆಯಲ್ಲಿ, ಮನುಷ್ಯರ ನೆರವಿಲ್ಲದೆ ಗಾಡಿ ನಡೆಯಿತು' ಎಂದು ಬರೆದುಕೊಂಡರಂತೆ.

ಚಳಿಗಾಲದಲ್ಲಿ ಗುಪ್ಪೆ ಬಿಚ್ಚಿದೆವು. ಊರೆಲ್ಲ ಅಟುವಾತ್‌ಳ ಮುಖವನ್ನೇ ನೋಡುತ್ತಿತ್ತು. ಅವಳು ಅಗಿದಳು, ಮೂಗು ಮುರಿದಳು.

"ಅತ್ತಿಗೆ, ಸ್ವಲ್ಪ ವಿಜ್ಞಾನದ ವಾಸನೆ."

"ಹಾಗಾದ್ರೆ ಇಡು ಕೆಳಗೆ."

ಇಡಲಿಲ್ಲ. ಇನ್ನೊಂದು ತುಂಡು ಕೊಯ್ದುಕೊಂಡಳು.